ದೃಷ್ಟಿ ತಾಕಿದ ಕುಂಬಳ



ಯಲಹಂಕದ ನಮ್ಮ ಮನೆ ಹಿತ್ತಲಲ್ಲಿ ಭಾರೀ ಬೂದುಗುಂಬಳ ಬೆಳೆಯುವ ಆಸೆಯಿಂದ ಬೀಜ ಹಾಕಿದ್ದೆ. ಬಳ್ಳಿ ಕಾಂಪೌಂಡ್ ಏರಿತು. ಆದರೆ ಹೀಚುಗಳೆಲ್ಲ ಹಳದಿಯಾಗಿ ಉದುರಿದವು. "ದೃಷ್ಟಿ ತಾಕಿದೆ ಮಗ, ಬೊಂಬೆ ಕಟ್ಟು" ಅಂದರು ಅಮ್ಮ. ನಿಜ ಹೇಳ್ತೀನಿ, 22 ಪ್ರತಿಜ್ಞೆ ತೆಗೆದುಕೊಂಡ ನನ್ನ ಕೈಯೂ ಹಳೇ ಅಂಗಿ ಹುಡುಕಿತು.

ಬುದ್ಧರು ಕಲಿಸಿದ್ದು ಕಾರಣ ಹುಡುಕುವುದನ್ನು. ಪಟಿಚ್ಚಸಮುಪ್ಪಾದವನ್ನು ಬಾಯಲ್ಲಿ ಹೇಳುವುದು ಸುಲಭ, ಬಳ್ಳಿ ಮುಂದೆ ಕೂತು ನೋಡುವುದು ಕಷ್ಟ. ಮಾರನೇ ಬೆಳಗ್ಗೆ ಕೂತೆ. ಹೂ ಅರಳಿವೆ, ಜೇನು ಒಂದೂ ಇಲ್ಲ! ಗಂಡು ಹೂ ಕಿತ್ತು, ಎಸಳು ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ಸವರಿದೆ. ಬಿಸಿಲೇರುವ ಮೊದಲೇ ಮಾಡಬೇಕು. ನಾಲ್ಕು ಕಾಯಿ ಕಚ್ಚಿದವು. ದಪ್ಪ ಆಗಲಿ ಅಂತ ಮೂರನ್ನು ಚಿವುಟಿ ಒಂದನ್ನೇ ಉಳಿಸಿದೆ. ಅದಕ್ಕೂ ಮನಸ್ಸು ಗಟ್ಟಿ ಬೇಕು.

ಈಗ ಅದು ಅಮ್ಮ ಒಬ್ಬರೇ ಎತ್ತಲಾಗದಷ್ಟು ದಪ್ಪ. ಆಯುಧಪೂಜೆಗೆ ಒಡೆಯಲು ಕೊಡಿ ಅಂತ ಪಕ್ಕದ ಗ್ಯಾರೇಜಿನವರು ಬಂದರು. ಮಾರನೇ ದಿನವೇ ನಮಗೆ ಅಶೋಕ ವಿಜಯದಶಮಿ, 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಪಡೆದ ದಿನ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಂದರು: "ರಸ್ತೇಲಿ ಒಡೆಯಕ್ಕೆ ಕೊಡಲ್ಲಪ್ಪ. ನಾಳೆ ಸಾರು ಮಾಡ್ತೀನಿ, ನಿಮ್ಮ ಹುಡುಗರನ್ನೂ ಊಟಕ್ಕೆ ಕಳಿಸು."