ಹೆಬ್ಬೆಟ್ಟಿಗೊಂದು ಬೀಗ

ನಿವೇಶನವನ್ನೋ ತೋಟವನ್ನೋ ಕೊಂಡವರೆಲ್ಲ ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದವರೇ. ಕ್ರಯಪತ್ರ ಕೈಗೆ ಬಂದಮೇಲೆ ಆ ಗುರುತನ್ನು ನೆನೆಯುವವರು ಕಡಿಮೆ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಹಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಬರಲಿಲ್ಲ, ಯಾರೂ ಕರೆ ಮಾಡಿರಲಿಲ್ಲ. ಪೊಲೀಸರು ಜಾಡು ಹಿಡಿದು ಹೋದಾಗ ಕಂಡದ್ದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿದ್ದ ಇಂಥ ಪತ್ರಗಳು. ಅವುಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಬೆರಳಚ್ಚೂ ಇತ್ತು. ಆಧಾರ್ ಮೂಲಕ ಹಣ ತೆಗೆಯಲು ಇವೆರಡರ ಜೊತೆಗೆ ಬ್ಯಾಂಕಿನ ಹೆಸರು ಗೊತ್ತಿದ್ದರೆ ಸಾಕು.

ಬೆರಳಚ್ಚನ್ನು ನಕಲು ಮಾಡಬಹುದೆಂಬುದು ಹೊಸ ಸಂಗತಿಯಲ್ಲ. 2002ರಲ್ಲೇ ಜಪಾನಿನ ತ್ಸುತೊಮು ಮತ್ಸುಮೊಟೊ ತಿಂಡಿಗೆ ಬಳಸುವ ಜೆಲಾಟಿನ್‌ನಿಂದ ಬೆರಳು ಮಾಡಿ, 11 ಬಗೆಯ ಯಂತ್ರಗಳನ್ನು ಏಮಾರಿಸಿ ತೋರಿಸಿದ್ದರು. ಪಿನ್ ಸೋರಿದರೆ ಬದಲಿಸಬಹುದು. 2015ರಲ್ಲಿ ಅಮೆರಿಕದ ಸರ್ಕಾರಿ ಕಡತಗಳಿಂದ ಸುಮಾರು 56 ಲಕ್ಷ ಜನರ ಬೆರಳಚ್ಚು ಕಳುವಾಯಿತು. ಅವರು ಯಾವ ಕಚೇರಿಗೆ ಹೋಗಿ ಬೇರೆ ಬೆರಳು ಕೇಳಬೇಕು?

ಹಾಗೆಂದು ಬೆರಳಚ್ಚಿನಿಂದ ಹಣ ತೆಗೆಯುವ ಈ ವ್ಯವಸ್ಥೆಯನ್ನು ಹಳಿಯಲು ಮನಸ್ಸು ಬಾರದು. ಓದುಬರಹ ಬಾರದ ಅಜ್ಜಿಗೆ ಪಿಂಚಣಿ ಹಣ ಊರಿನಲ್ಲೇ ಸಿಗುತ್ತಿರುವುದು ಇದರಿಂದಲೇ. ಆದರೆ ಖಾತೆಯಿಂದ ಎರಡು ಸಾವಿರ ಹೋದರೆ ಬ್ಯಾಂಕಿನ ಸಂದೇಶ ಓದಲಾಗದೆ ಕೊನೆಯವರೆಗೂ ತಿಳಿಯದೇ ಉಳಿಯುವವಳೂ ಅವಳೇ. ಇದನ್ನು ತಡೆಯಲು ಆಧಾರ್ ಪ್ರಾಧಿಕಾರ ಬಯೊಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಕೊಟ್ಟಿದೆ. ಖರ್ಚಿಲ್ಲ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಪ್ರಾಧಿಕಾರದ ಆ್ಯಪ್‌ನಲ್ಲೇ ಬೀಗ ಹಾಕಬಹುದು. ಬೀಗ ಬಿದ್ದಮೇಲೆ ಕದ್ದ ಬೆರಳಚ್ಚು ನಡೆಯದು, ಸ್ವಂತ ಬೆರಳೂ ನಡೆಯದು. ಪಡಿತರಕ್ಕೆ ಥಂಬ್ ಕೊಡುವ ದಿನ ತೆರೆದುಕೊಳ್ಳಬೇಕು.

ಇಷ್ಟನ್ನು ಹಿರಿಯರೊಬ್ಬರೇ ಮಾಡಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ದೂರದ ಊರಿನಿಂದ ಫೋನಿನಲ್ಲಿ ಒಟಿಪಿ ಕೇಳಿ ಮುಗಿಸುವುದೂ ಬೇಡ. ಒಟಿಪಿ ಹೇಳುವ ಅಭ್ಯಾಸವನ್ನು ನಾವೇ ಕಲಿಸಿದಂತಾದೀತು. ಹಬ್ಬಕ್ಕೆ ಊರಿಗೆ ಹೋದಾಗ ಪಕ್ಕದಲ್ಲಿ ಕುಳಿತು, ಅವರ ಕೈಯಲ್ಲೇ ಮಾಡಿಸಿ ತೋರಿಸಬೇಕು. ಹಣ ಕೊಡಲು ಬೆರಳಚ್ಚಿನ ಯಂತ್ರ ಹಿಡಿದು ಬರುವ ಬ್ಯಾಂಕ್ ಪ್ರತಿನಿಧಿಗಳಿಗೂ ಒಂದು ಕರ್ತವ್ಯವಿದೆ: ಬೆರಳು ಇಡಿಸುವ ಮುನ್ನ ಯಾತಕ್ಕೆ, ಎಷ್ಟು ಮೊತ್ತ ಎಂದು ಗಟ್ಟಿಯಾಗಿ ಹೇಳಿ, ರಸೀದಿ ಕೊಡುವುದು. ಹೇಳದಿದ್ದರೆ ಕೇಳಬೇಕು ಎಂದು ಅಜ್ಜಿಗೂ ಹೇಳಿಕೊಡಿ. ಮನೆಯ ಮಕ್ಕಳು ದಿನಕ್ಕೊಮ್ಮೆ ಅವಳ ಫೋನಿಗೆ ಬಂದ ಬ್ಯಾಂಕಿನ ಸಂದೇಶ ಓದಿ ಹೇಳಲಿ. ಗೊತ್ತಿಲ್ಲದೆ ಹಣ ಹೋಗಿದ್ದರೆ ಅಂದೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಬಹುದು.