ಮುಚ್ಚಿದ ಮೇಲೆ ಕಾಣದ್ದು

ನಿವೃತ್ತಿಯಾಗಿ ಮಗನ ಮನೆಗೆಂದು ಪುಣೆಯ ಕೋಥ್ರೂಡ್‌ಗೆ ಬಂದ ಮೇಲೆ ನನಗೆ ಹತ್ತಿದ ಹುಚ್ಚು, ಪ್ಲಾಸ್ಟಿಕ್ ವಿಮಾನ ಜೋಡಿಸುವುದು. ಮೊಮ್ಮಗನ ಹುಟ್ಟುಹಬ್ಬಕ್ಕೆ ಅಂತ ತಂದ ಕಿಟ್. ಅವನಿಗಿಂತ ನನಗೇ ರುಚಿ ಹತ್ತಿತು. ಆರಿಸಿದ್ದು ನ್ಯಾಟ್. ನಮ್ಮಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. 1965ರ ಯುದ್ಧದಲ್ಲಿ ಹಾರಿದ ಆ ಪುಟ್ಟ ವಿಮಾನ ಅಲ್ಲೇ ತಯಾರಾಗುತ್ತಿತ್ತು. ನಮ್ಮದು 72ರಲ್ಲಿ ಒಂದು ಪಾಲಿನ ಅಳತೆ. ಆರಡಿ ಆಳು ಇಲ್ಲಿ ಒಂದೇ ಇಂಚು.

ಶುರು ಮಾಡುವವರಿಗೆ ಹೇಳುತ್ತೇನೆ. ಭಾಗಗಳನ್ನು ಮೊದಲು ಸೋಪಿನ ನೀರಲ್ಲಿ ತೊಳೆಯಬೇಕು, ಅಚ್ಚಿನ ಜಿಡ್ಡಿದ್ದರೆ ಬಣ್ಣ ಹಿಡಿಯದು. ತಿರುಚಿ ಕೀಳದೆ ಕಟ್ಟರ್‌ನಿಂದ ಕತ್ತರಿಸಿ, ನುಣುಪಾದ ಉಪ್ಪುಕಾಗದದಲ್ಲಿ ಉಜ್ಜಬೇಕು. ಅಂಟು ಹಚ್ಚುವ ಮುಂಚೆ ಒಮ್ಮೆ ಬರಿದೇ ಕೂಡಿಸಿ ನೋಡಬೇಕು. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಆಮೇಲೆ ಬಿಡಿಸುವಂತಿಲ್ಲ. ಒಡಲಿನ ಎರಡು ಹೋಳು ಮುಚ್ಚುವಷ್ಟರಲ್ಲಿ ಒಳಗಿನ ಬಣ್ಣ ಮುಗಿದಿರಬೇಕು.

ಜಗಳ ಬಂದದ್ದು ಅಲ್ಲೇ. ಪೈಲಟ್ ಸೀಟಿನ ಬೆನ್ನಿಗೆ ಬಣ್ಣ ಹಚ್ಚುತ್ತಿದ್ದೆ. "ತಾತ, ಮುಚ್ಚಿದ್ಮೇಲೆ ಅದು ಕಾಣೋದೇ ಇಲ್ಲ. ಬಿಟ್ರೆ ಯಾರಿಗೇನು ನಷ್ಟ?" ಅಂದ.

ಉತ್ತರ ಹೊಳೆಯಲಿಲ್ಲ. ಅಪ್ಪನ ವಿಮಾನವಾಗಿದ್ದರೆ ಸುಲಭವಿತ್ತು: ಒಳಗೊಬ್ಬ ಕೂರುತ್ತಾನೆ. ಮುಚ್ಚುವ ಮುಂಚೆ ಇನ್‌ಸ್ಪೆಕ್ಟರ್ ಮುದ್ರೆ ಬೀಳಬೇಕು ಅಂತ ಅಪ್ಪ ಹೇಳುತ್ತಿದ್ದರು. ಇಲ್ಲಿ ಕೂರುವವನೂ ಪ್ಲಾಸ್ಟಿಕ್ಕು.

ಆದರೆ "ಯಾರಿಗೇನು ನಷ್ಟ" ಅನ್ನೋದು ನನ್ನದೇ ಹಳೇ ಮಾತು. ಒಂದು ಶಾಖೆಯಲ್ಲಿ ಕ್ಯಾಶ್ ವೆರಿಫಿಕೇಶನ್ ದಿನ, ಬೆಂಗಳೂರಿನ ಬಸ್ಸು ತಪ್ಪೀತೆಂದು, ಮುಂದಿನ ಸಾಲಿನ ಕಟ್ಟುಗಳನ್ನಷ್ಟೇ ಎಣಿಸಿ, ಪೂರಾ ಎಣಿಸಿದ್ದೇನೆಂದು ಸಹಿ ಹಾಕಿದ್ದೆ. ಮುಂದೆ ಒಂದು ರೂಪಾಯಿಯೂ ಕಮ್ಮಿ ಬರಲಿಲ್ಲ. ಆದರೂ ಆ ಸಹಿ ಸುಳ್ಳೇ. ಲೆಕ್ಕ ಸರಿಯಿದ್ದುದು ಕ್ಯಾಷಿಯರನ ಪ್ರಾಮಾಣಿಕತೆಯಿಂದ, ನನ್ನದರಿಂದಲ್ಲ. ಮೂವತ್ತು ವರ್ಷ ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ.

ಹಾಗಾದರೆ ಬಣ್ಣ ಹಚ್ಚದೆ ಬಿಟ್ಟರೂ ಸುಳ್ಳೇ? ಅಲ್ಲ ಅನ್ನಿಸುತ್ತೆ. ಆಟಿಕೆಗೆ ನಾನೇನೂ ಸಹಿ ಹಾಕಿಲ್ಲ. ಪೂರ್ತಿ ಮಾಡಿದ್ದೀನಿ ಅಂತ ಹೇಳಿಕೊಂಡರೆ ತಾನೇ ತಪ್ಪು? ಆ ಮಟ್ಟಿಗೆ ಹುಡುಗನ ಮಾತು ಸರಿ ಅಂತ ಒಪ್ಪಿಕೊಂಡು, ಬ್ಯಾಂಕಿನ ಕಥೆಯನ್ನೂ ಹೇಳಿಬಿಟ್ಟೆ.

"ಯಾರಿಗೂ ಗೊತ್ತಾಗ್ಲೇ ಇಲ್ವಾ?"

"ಈಗ ನಿನಗೆ ಗೊತ್ತಾಯ್ತಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಬ್ರಷ್ ಕಿತ್ತುಕೊಂಡ. ಅರ್ಧ ಬೆನ್ನಿಗೆ ಹಚ್ಚುವಷ್ಟರಲ್ಲಿ ಬೇಜಾರಾಗಿ ಎದ್ದ.

ಈ ಮಾತಿನ ಗದ್ದಲದಲ್ಲಿ ಮೂಗಿನೊಳಗೆ ಭಾರದ ತುಂಡು ಇಡೋದನ್ನೇ ಮರೆತು ಮುಚ್ಚಿಬಿಟ್ಟೆವು. ವಿಮಾನ ಬಾಲದ ಮೇಲೆ ಕೂತಿದೆ. ಬಂದವರೆಲ್ಲ ಅದನ್ನು ತೋರಿಸಿ ನಗುತ್ತಾರೆ. ಸೀಟಿನ ಅರ್ಧ ಬೆನ್ನು ಖಾಲಿ ಇದೆ ಅನ್ನೋದನ್ನು, ಯಾರೂ ಕೇಳದಿದ್ದರೂ, ಮೊಮ್ಮಗನೇ ಹೇಳುತ್ತಾನೆ.