ಮೈಬಣ್ಣದ ಆಸೆಯೂ ಸಾಕುವವನ ಧರ್ಮವೂ

ಮನುಷ್ಯನು ಕಣ್ಣಿಗೆ ವಶನಾದ ಪ್ರಾಣಿ. ಕಿವಿಯು ಕೇಳಿದ್ದನ್ನು ಅವನು ಸಂಶಯಿಸುವನು. ನಾಲಗೆಯು ಸವಿದದ್ದನ್ನು ಬೇಗನೆ ಮರೆಯುವನು. ಆದರೆ ಕಣ್ಣು ಮೆಚ್ಚಿದ್ದನ್ನು ತನ್ನದಾಗಿ ಮಾಡಿಕೊಳ್ಳದೆ ಅವನಿಗೆ ಸಮಾಧಾನವಿಲ್ಲ. ಈ ಆಸೆಯು ಅರಿವೆಯ ಮೇಲೋ ಗೋಡೆಯ ಮೇಲೋ ತೀರಿದರೆ ಯಾರಿಗೂ ಕೇಡಿಲ್ಲ. ಪ್ರಾಣವುಳ್ಳ ಮೈಯ ಮೇಲೆ ಅದು ತೀರಬೇಕೆಂದಾಗ ಮಾತ್ರ ಧರ್ಮವಿಚಾರವು ಹುಟ್ಟುವದು. ತನ್ನ ಕಣ್ಣಿನ ಸುಖಕ್ಕಾಗಿ ಇನ್ನೊಂದು ಜೀವಿಯ ಬಣ್ಣವನ್ನೂ ಮಚ್ಚೆಯನ್ನೂ ಪಟ್ಟೆಯನ್ನೂ ತಲೆತಲಾಂತರಕ್ಕೆ ಗೊತ್ತುಮಾಡುವ ಅಧಿಕಾರವು ಮನುಷ್ಯನಿಗೆ ಉಂಟೋ ಇಲ್ಲವೋ. ಉಂಟಾದರೆ ಅದಕ್ಕೆ ಮೇರೆ ಯಾವದು?

ಈ ಪ್ರಶ್ನೆಯ ಎರಡೂ ಮುಖಗಳನ್ನು ಕಾಣಲು ದೂರ ಹೋಗಬೇಕಾಗಿಲ್ಲ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳುವದು. ನೇಕಾರನು ನೂಲಿಗೆ ಬಣ್ಣವಿಕ್ಕಿ, ಹಾಸು ಹೊಕ್ಕುಗಳನ್ನು ಕೂಡಿಸಿ, ದಡಿಗೊಂದು ಬಣ್ಣ, ಒಡಲಿಗೊಂದು ಬಣ್ಣ, ಸೆರಗಿಗೊಂದು ಬಗೆ ಎಂದು ಮನಸ್ಸಿಗೆ ಬಂದಂತೆ ಸೀರೆಯನ್ನು ನೇಯುವನು. ಬಣ್ಣ ಕೆಟ್ಟರೆ ನೂಲಿಗೆ ನೋವಿಲ್ಲ. ಗಿರಾಕಿಯು ಒಲ್ಲೆನೆಂದರೆ ಸೀರೆಗೆ ಹಸಿವೆಯಿಲ್ಲ. ಅಲ್ಲಿಂದ ಅನತಿದೂರದಲ್ಲಿ, ಘಟಪ್ರಭೆಯ ದಂಡೆಯಲ್ಲಿರುವ ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ, ಬೇರೊಂದು ತರದ ಆಯ್ಕೆ ನಡೆಯುವದು. ಅಲ್ಲಿ ಆಯ್ದದ್ದು ಉಸಿರಾಡುವದು.

ಮುಧೋಳದ ನಾಯಿಯನ್ನು ಅರಿಯದವರು ಜಮಖಂಡಿ, ಬೀಳಗಿಗಳ ಸೀಮೆಯಲ್ಲಿ ಯಾರೂ ಇರಲಾರರು. ನೀಳವಾದ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂಥ ಹೊಟ್ಟೆ, ಉದ್ದವಾದ ಕಾಲುಗಳು. ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯನ್ನು ಬೆನ್ನಟ್ಟುವ ತಳಿಯದು. ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ ಘೋರ್ಪಡೆಯವರು ಇದನ್ನು ಪೋಷಿಸಿ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದೂ, ಅಂದಿನಿಂದ ಊರಿನ ಹೆಸರೇ ನಾಯಿಗೆ ನಿಂತಿತೆಂದೂ ಹೇಳುವದುಂಟು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಅರಮನೆಯ ಕಾಲ ಮುಗಿಯಿತು. ಆದರೂ ತಳಿಯು ಅಳಿಯಲಿಲ್ಲ; ಹೊಲಮನೆಗಳ ಸಾಮಾನ್ಯ ರೈತರು ಅದನ್ನು ಕಾಪಾಡಿದರು. 2005ರಲ್ಲಿ ಅಂಚೆಯ ಇಲಾಖೆಯು ದೇಶೀಯವಾದ ನಾಲ್ಕು ನಾಯಿತಳಿಗಳ ಚೀಟಿಗಳನ್ನು ಹೊರಡಿಸಿದಾಗ ಮುಧೋಳವೂ ಅವುಗಳಲ್ಲಿ ಒಂದಾಗಿತ್ತು. 2016ರಲ್ಲಿ ಇದರ ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನೆಗೆಂದೇ ಒಂದು ಕೇಂದ್ರವಿದೆ.

ಈ ನಾಯಿಯ ಬಣ್ಣ ಒಂದೇ ಅಲ್ಲ. ಗೋಧಿಯ ಬಣ್ಣ, ಕೆಂಪು, ಕಪ್ಪು, ಬೂದಿ, ಮಾಸಲು ಬಿಳುಪು ಎಂದು ಹಲವು ಬಗೆ. ಕೆಲವಕ್ಕೆ ಎದೆಯ ಮೇಲೆ, ಪಾದಗಳ ಮೇಲೆ ಬಿಳಿಯ ಮಚ್ಚೆಗಳು. ಒಂದೇ ಸೂಲಿನ ಮರಿಗಳಲ್ಲಿಯೂ ಬೇರೆ ಬೇರೆ ಬಣ್ಣಗಳುಂಟು. ತಂದೆಯೂ ಕಪ್ಪು, ತಾಯಿಯೂ ಕಪ್ಪು ಆಗಿರುವಲ್ಲಿ ಬೂದಿಯ ಬಣ್ಣದ ಮರಿ ಹುಟ್ಟಬಹುದು. ಇದರಲ್ಲಿ ಬೆರಗಾಗುವಂಥದೇನೂ ಇಲ್ಲ. ಕೆಲವು ಗುಣಗಳು ಒಂದು ತಲೆಯಲ್ಲಿ ಅಡಗಿದ್ದು, ತಂದೆತಾಯಿಗಳಿಬ್ಬರಿಂದಲೂ ಕೂಡಿಬಂದಾಗ ಮಾತ್ರ ಮತ್ತೆ ಹೊರಬೀಳುವವೆಂಬದನ್ನು ಮೆಂಡೆಲನೆಂಬ ಸನ್ಯಾಸಿಯು ತನ್ನ ಮಠದ ತೋಟದ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದನು. ಆದಕಾರಣ ಹೊಸ ಬಣ್ಣವನ್ನು ತಾನು ಉಂಟುಮಾಡಿದೆನೆಂದು ಸಾಕುವವನು ಬೀಗುವದು ತಪ್ಪು. ವಂಶವು ಗುಪ್ತವಾಗಿ ಹೊತ್ತು ತಂದುದನ್ನು ಅವನು ಆಯ್ದುಕೊಳ್ಳುವನು, ಅಷ್ಟೆ. ಆದರೆ ಆಯ್ಕೆಯೇ ಹೊಣೆಯ ಮೂಲವು.

ಆಯ್ಕೆಯು ಎಲ್ಲಿಯವರೆಗೆ ಹೋಗಬಲ್ಲದೆಂಬದನ್ನು ಅಮೇರಿಕೆಯಲ್ಲಿ ಕಾಣಬಹುದು. ಅಲ್ಲಿ ಕಿಂಗ್‌ಸ್ನೇಕ್ ಎಂಬ ಹಾವಿದೆ. ಹೆಸರು ಕೇಳಿ ನಮ್ಮ ಕಾಳಿಂಗವೆಂದು ಭ್ರಮಿಸಬಾರದು, ಇದಕ್ಕೆ ವಿಷವಿಲ್ಲ, ಬೇರೆ ಹಾವುಗಳನ್ನು, ವಿಷದ ಹಾವುಗಳನ್ನು ಕೂಡ, ತಿನ್ನುವದರಿಂದ ಅದಕ್ಕೆ ರಾಜಪದವಿ. ಕ್ಯಾಲಿಫೋರ್ನಿಯದ ಈ ಹಾವುಗಳಲ್ಲಿ ಕೆಲವಕ್ಕೆ ಮೈಸುತ್ತ ಬಳೆಗಳಂತೆ ಪಟ್ಟೆಗಳು, ಕೆಲವಕ್ಕೆ ಬೆನ್ನುದ್ದಕ್ಕೂ ಒಂದೇ ಗೆರೆ. ಇವು ಎರಡು ಬೇರೆ ಜಾತಿಗಳೆಂದೇ ಪಂಡಿತರು ಬಹುಕಾಲ ನಂಬಿದ್ದರು. ವೃತ್ತಿಯಿಂದ ವಿದ್ಯುತ್ತಿನ ಇಂಜಿನಿಯರನಾಗಿದ್ದ ಲಾರೆನ್ಸ್ ಕ್ಲೌಬರನು 1930ರ ದಶಕದಲ್ಲಿ, ಒಂದೇ ತಾಯಿಯ ತತ್ತಿಗಳಿಂದ ಎರಡೂ ಬಗೆಯ ಮರಿಗಳು ಹೊರಬರುವವೆಂದು ತೋರಿಸಿಕೊಟ್ಟನು. ಒಡಹುಟ್ಟಿದವರನ್ನು ಬಟ್ಟೆ ನೋಡಿ ಬೇರೆ ಕುಲದವರೆಂದಂತೆ ಆಗಿತ್ತು! ಪದದ ಅರ್ಥದಲ್ಲಿ ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರನ್ನೂ ಬಿಡಿಸಿ ನೋಡಬೇಕೆಂದು ನ್ಯಾಯದರ್ಶನವು ಕಲಿಸುವದು. ಬಣ್ಣವು ಆಕೃತಿಗೂ ಹೊರಗಿನದು. ಜಾತಿಗೆ ಅದರಿಂದ ಸಾಕ್ಷಿ ದೊರೆಯದು.

ಆದರೆ ಜ್ಞಾನಕ್ಕೆ ವಸ್ತುವಾದದ್ದೇ ಮುಂದೆ ವ್ಯಾಪಾರಕ್ಕೂ ವಸ್ತುವಾಯಿತು. ಕರಿಯ ಬಣ್ಣವು ತೀರ ಇಲ್ಲದ ಕೆಂಗಣ್ಣಿನ ಹಾವು, ಪಟ್ಟೆಯೇ ಇಲ್ಲದ ಹಾವು, ಹಳದಿಯೇ ಹೆಚ್ಚಿದ ಹಾವು ಎಂದು ಹವ್ಯಾಸಿಗಳು ಪೆಟ್ಟಿಗೆಗಳಲ್ಲಿ ಸಾಕಿ, ಒಂದೊಂದು ಬಗೆಗೆ ಒಂದೊಂದು ಹೆಸರಿಟ್ಟು ಮಾರತೊಡಗಿದರು. ಅಂಥ ಹಾವುಗಳಲ್ಲಿ ಕೆಲವು ಸ್ಪೇನ್ ದೇಶಕ್ಕೆ ಸೇರಿದ ಗ್ರಾನ್ ಕನೇರಿಯ ದ್ವೀಪದಲ್ಲಿ ಸೆರೆಯಿಂದ ಹೊರಬಿದ್ದವು. ಹಾವೆಂಬುದೇ ಸ್ವಭಾವತಃ ಇಲ್ಲದ ದ್ವೀಪವದು. 1998ರ ಸುಮಾರಿಗೆ ಅಲ್ಲಿ ಮೊದಲು ಕಂಡ ಈ ಹಾವುಗಳು, ಅವುಗಳಲ್ಲಿ ವರ್ಣಹೀನವಾದವೂ ಅನೇಕ, ಇಂದು ಆ ನೆಲದಲ್ಲಿ ಬೇರೂರಿವೆ. ಅವು ನೆಲೆನಿಂತ ಕಡೆಗಳಲ್ಲಿ ಆ ದ್ವೀಪದ್ದೇ ಆದ ದೊಡ್ಡ ಹಲ್ಲಿಯು ಬಹುಮಟ್ಟಿಗೆ ಕಾಣದಾಗಿದೆ. ಒಬ್ಬನ ಕಣ್ಣಿನ ವಿಲಾಸಕ್ಕೆ ಆ ಹಲ್ಲಿಯು ತೆರಬೇಕಾದ ದಂಡವಿದು. ಹಾವಿನ ಅಪರಾಧವಾದರೂ ಏನು?

ಇಷ್ಟೇ ಅಲ್ಲ. ಅಡಗಿರುವ ಬಣ್ಣವನ್ನು ಬೇಗನೆ ಹೊರತೆಗೆಯಲು ಸುಲಭವಾದ ಉಪಾಯವೆಂದರೆ ತಂದೆಯನ್ನು ಮಗಳೊಡನೆ, ಅಣ್ಣನನ್ನು ತಂಗಿಯೊಡನೆ ಕೂಡಿಸುವದು. ತನ್ನ ಮನೆಯ ಮದುವೆಯಲ್ಲಿ ಗೋತ್ರವನ್ನು ಎಣಿಸಿ, ಸಗೋತ್ರವೆಂದರೆ ಹೆಜ್ಜೆ ಹಿಂದೆ ತೆಗೆಯುವ ಗೃಹಸ್ಥನೇ ತನ್ನ ಅಂಗಳದ ನಾಯಿಗೆ ಇದನ್ನು ವಿಧಿಸುವನು. ಬಣ್ಣ ಅಡಗಿದ್ದ ದಾರಿಯಲ್ಲಿಯೇ ರೋಗವೂ ಅಡಗಿರುವದು. ಒಂದನ್ನು ಕರೆದರೆ ಮತ್ತೊಂದು ಕರೆಯದೆ ಬರುವದು. ಕೆಲವೊಮ್ಮೆ ಬಣ್ಣವೇ ಬೇನೆ. ಕೆಲವು ತಳಿಗಳ ಬೂದಿಬಣ್ಣದ ನಾಯಿಗಳಿಗೆ ಕೂದಲು ಉದುರಿ ಚರ್ಮವು ಕೆಡುವದು. ಬಿಳುಪು ಅತಿಯಾದಲ್ಲಿ ಕಿವುಡುತನವು ಬರಬಹುದು. ಯಾಕಂದರೆ ಬಣ್ಣವನ್ನು ಕೊಡುವ ಕಣಗಳೇ ಒಳಗಿವಿಗೂ ಬೇಕು. ನೀಲಿಗಣ್ಣಿನ ಬಿಳಿಯ ಬೆಕ್ಕುಗಳ ಕಿವುಡನ್ನು ಡಾರ್ವಿನ್ನನು 1859ರಲ್ಲಿಯೇ ಬರೆದಿಟ್ಟಿದ್ದಾನೆ. ಆಫ್ರಿಕದ ಒಂದು ಸಣ್ಣ ಹೆಬ್ಬಾವಿನಲ್ಲಿ ಜೇಡರ ಬಲೆಯಂಥ ಚಿತ್ತಾರವನ್ನು ಹವ್ಯಾಸಿಗಳು ಬಹಳವಾಗಿ ಮೆಚ್ಚಿದರು. ಆ ಚಿತ್ತಾರವನ್ನು ತರುವ ಬೀಜಗುಣವೇ ಹಾವಿನ ತೂಕದ ಅರಿವನ್ನು ಕೆಡಿಸಿ, ಅದರ ತಲೆಯು ಜೋಲಾಡುವಂತೆ ಮಾಡುವದು. ನೋಡುವವನಿಗೆ ಚಿತ್ತಾರ, ಹೊತ್ತವನಿಗೆ ತಲೆತಿರುಗು.

ಇಲ್ಲಿ ಪೂರ್ವಪಕ್ಷವು ಏಳುವದು. ಸೌಂದರ್ಯವನ್ನು ಮೆಚ್ಚುವದು ದೋಷವೆ? ಸೃಷ್ಟಿಯೇ ನಾನಾ ಬಣ್ಣಗಳನ್ನು ತಾಳಿರುವಾಗ ಮನುಷ್ಯನು ಒಂದನ್ನು ಆಯ್ದರೆ ತಪ್ಪೇನು? ಮರಿಗಳನ್ನು ಮಾರಿ ಜೀವಿಸುವ ಬಡಕುಟುಂಬವು ಗಿರಾಕಿಯು ಕೇಳಿದ ಬಣ್ಣವನ್ನು ಕೊಡದೆ ಉಪವಾಸವಿರಬೇಕೆ? ಮೆಚ್ಚುವವರಿಲ್ಲದಿದ್ದರೆ ಮುಧೋಳದ ತಳಿಯೇ ಉಳಿಯುತ್ತಿತ್ತೆ?

ಈ ಮಾತುಗಳಲ್ಲಿ ಸತ್ಯವಿಲ್ಲವೆನ್ನಲಾಗದು. ಮೆಚ್ಚುವದು ದೋಷವಲ್ಲ; ಮೆಚ್ಚಿಕೆಯೇ ಅನೇಕ ಜೀವಗಳನ್ನು ಕಾದಿದೆ. ಆದರೆ ಬಯಲಿನಲ್ಲಿ ಬಣ್ಣವು ಜೀವಿಗೆ ಹೊರೆಯಾದರೆ ಸೃಷ್ಟಿಯು ಅದನ್ನು ಹೆಚ್ಚಿಸದು. ಸಾಕುವವನು ಆ ತಡೆಯನ್ನು ತೆಗೆದುಹಾಕಿದವನು. ತಡೆಯನ್ನು ತೆಗೆದವನೇ ತಡೆಯಾಗಿ ನಿಲ್ಲಬೇಕು. ಇದು ಅವನ ಮೊದಲನೆಯ ಧರ್ಮ. ಮುಧೋಳದ ನಾಯಿಯನ್ನು ಇಷ್ಟು ಕಾಲ ಕಾದದ್ದು ಅದರ ಓಟ, ಅದರ ನೋಟ, ಅದರ ಮಿತಾಹಾರ, ಬಿಸಿಲನ್ನು ತಾಳುವ ಅದರ ಶಕ್ತಿ. ಹೊಲದವನು ನಾಯಿಯನ್ನು ಓಡಿಸಿ ನೋಡಿ ಆಯ್ದನು. ಬಣ್ಣವು ಬಂದಂತೆ ಬಂದಿತು. ಆದುದರಿಂದಲೇ ಅಷ್ಟು ಬಣ್ಣಗಳು ಉಳಿದವು. ಬಣ್ಣವನ್ನೇ ನೋಡಿ ಆಯ್ದರೆ ಓಟವೂ ಹೋಗುವದು, ಕಡೆಗೆ ಬಣ್ಣಗಳೂ ಒಂದೆರಡಕ್ಕೆ ಇಳಿಯುವವು. ಬೇಡವಾದ ಬಣ್ಣದ ಮರಿಯ ಗತಿಯನ್ನು ಕೇಳುವವರಾದರೂ ಯಾರು?

ಬಡಕುಟುಂಬದ ಮಾತು ಎಲ್ಲಕ್ಕಿಂತ ಭಾರವಾದದ್ದು. ಆದರೆ ಅದರ ಉತ್ತರವನ್ನು ಮಾರುವವನಿಗಿಂತ ಮೊದಲು ಕೊಳ್ಳುವವನು ಕೊಡಬೇಕು. ಮಾರುವವನು ಗಿರಾಕಿಯ ಕಣ್ಣನ್ನು ನೋಡಿ ನಡೆಯುವನು. ಪಟ್ಟಣದ ಸುಶಿಕ್ಷಿತ ಗೃಹಸ್ಥನು ಹಳ್ಳಿಗೆ ಬಂದು, ಮರಿಯ ತಾಯಿಯನ್ನು ನೋಡದೆ, ಅದರ ನಡೆಯನ್ನು ನೋಡದೆ, ಇಂಥ ಬಣ್ಣದ್ದೇ ಬೇಕೆಂದು ಹೆಚ್ಚು ಬೆಲೆ ಕೊಟ್ಟರೆ, ಮುಂದಿನ ವರ್ಷ ಯಾವ ತಂದೆಗೆ ಯಾವ ಮಗಳು ಕೂಡಬೇಕೆಂಬದನ್ನು ಅವನೇ ಗೊತ್ತುಮಾಡಿದಂತಾಯಿತು. ಆ ಮರಿಯನ್ನು ಒಯ್ದು, ಓಡಲು ಹುಟ್ಟಿದ ಕಾಲುಗಳನ್ನು ಮೆಟ್ಟಲಿನ ಕೆಳಗೆ ಸರಪಳಿಗೆ ಕಟ್ಟಿದರೆ ಪಾಪವು ಇಮ್ಮಡಿಯಾಗುವದು. ಅದೇ ಗೃಹಸ್ಥನು ಆರೋಗ್ಯವನ್ನು ಕೇಳಿ, ವಂಶವನ್ನು ವಿಚಾರಿಸಿ, ಯಾವ ಬಣ್ಣವಾದರೂ ಸರಿಯೆಂದು ನ್ಯಾಯವಾದ ಬೆಲೆ ಕೊಟ್ಟರೆ ಕುಟುಂಬವೂ ಬಾಳುವದು, ತಳಿಯೂ ಬಾಳುವದು.

ಮುಧೋಳವು ಬಳೆಗಾರರ ಮನೆಯಲ್ಲಿ ರನ್ನನನ್ನು ಹೆತ್ತ ಊರು. ಮನೆತನದ ಹೊರಗುರುತನ್ನು ನೋಡಿ ಬೆಲೆಕಟ್ಟುವವರು ಆ ಮನೆಯಲ್ಲಿ ಬಳೆಗಳನ್ನಷ್ಟೇ ಹುಡುಕುತ್ತಿದ್ದರು. ನಾಡು ಕವಿಯನ್ನು ಕಂಡಿತು. ಹೊರಗಿನದನ್ನು ದಾಟಿ ನೋಡುವ ಈ ದೃಷ್ಟಿಯನ್ನು ಮೂಕಪ್ರಾಣಿಗೂ ಸಲ್ಲಿಸುವದು ಕಷ್ಟವಲ್ಲ. ಬಣ್ಣವನ್ನು ನೂಲಿಗೆ ಹಾಕುವ ಅಧಿಕಾರವು ಮನುಷ್ಯನದು. ಜೀವಕ್ಕೆ ಬಂದ ಬಣ್ಣವನ್ನು ಮೆಚ್ಚುವ ಅಧಿಕಾರವೂ ಅವನದೇ. ಆ ಬಣ್ಣವು ಹೊತ್ತ ಮೈಗೆ ಭಾರವಾಗದಂತೆ ನೋಡಿಕೊಳ್ಳುವದು ಅಧಿಕಾರವಲ್ಲ, ಋಣ. ಋಣವನ್ನು ತೀರಿಸುವ ಮನಸ್ಸಿಲ್ಲದವನು ಸೀರೆಯ ಅಂಗಡಿಗೆ ಹೋಗುವದೇ ಲೇಸು. ಅಲ್ಲಿ ಬಣ್ಣಗಳಿಗೆ ಬರವಿಲ್ಲ.